ತಿಂಗಳಿಗೊಮ್ಮೆ ನಾಲ್ಕು ಮನೆಯವರು ಕೂಡಿ ಉಣ್ಣುವುದು ಹೇಗೆ?

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬುತ್ತಿ ಬಿಚ್ಚಿ, ಬಂಧುಬಳಗದವರೆಲ್ಲ ಕೂಡಿ ಉಣ್ಣುವ ರೂಢಿ ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಇನ್ನೂ ಇದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲೋ ನವನಗರದಲ್ಲೋ ಮನೆ ಮಾಡಿಕೊಂಡವರು ಅಂಥ ಬುತ್ತಿಯನ್ನು ತಿಂಗಳಿಗೊಮ್ಮೆ ಪಡಸಾಲೆಯಲ್ಲೇ ಬಿಚ್ಚಬಹುದು. ಧಾರವಾಡದಲ್ಲಿ ನಾಲ್ಕು ಮನೆಯವರು ಕೂಡಿ ಇದನ್ನು ನಡೆಸಿಕೊಂಡು ಬಂದಿರುವ ನಮ್ಮ ಅನುಭವದಲ್ಲಿ, ಈ ಊಟ ಔತಣವಾಗದೆ ದಿನದ ಊಟವಾಗಿಯೇ ಉಳಿದರೆ ಮಾತ್ರ ಬಹುಕಾಲ ನಡೆಯುತ್ತದೆ.

ಮೊದಲು ಮನೆಗಳನ್ನೂ ದಿನವನ್ನೂ ಗೊತ್ತುಮಾಡಿಕೊಳ್ಳಬೇಕು. ಮೂರು ಅಥವಾ ನಾಲ್ಕು ಮನೆ, ಒಟ್ಟು 12ರಿಂದ 16 ಜನ ಇದ್ದರೆ ಮನೆಯ ಪಾತ್ರೆಗಳೇ ಸಾಕಾಗುತ್ತವೆ. ಎಲ್ಲರ ಬಿಡುವು ಕೇಳುತ್ತ ಹೋದರೆ ದಿನ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಎರಡನೆಯ ರವಿವಾರ ಎಂದು ಖಾಯಂ ಮಾಡಿ, ಒಂದು ಮನೆಯವರು ಬಾರದಿದ್ದರೂ ಊಟ ನಿಲ್ಲಿಸಬೇಡಿ.

ಅಡುಗೆಯ ಹಂಚಿಕೆಗೆ ಹೆಚ್ಚು ಗಮನ ಬೇಕು. ಒಮ್ಮೆ ಯಾರು ಏನು ತರಬೇಕೆಂದು ಮಾತಾಡಿಕೊಳ್ಳದೆ ಸೇರಿದ್ದರಿಂದ ಮೂರು ಮನೆಗಳಿಂದಲೂ ಬದನೆಕಾಯಿ ಎಣ್ಣೆಗಾಯಿಯೇ ಬಂದಿತ್ತು. ಡಬ್ಬಿಗಳನ್ನು ಸಾಲಾಗಿ ತೆರೆದಾಗ ಒಂದರಲ್ಲಿ ಗುರೆಳ್ಳಿನ ಕಪ್ಪು, ಒಂದರಲ್ಲಿ ಶೇಂಗಾ ಪುಡಿಯ ತಿಳಿಬಣ್ಣ, ಇನ್ನೊಂದರಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಮೂರೂ ರುಚಿಯಾಗಿದ್ದವು, ಆದರೆ ಕಾಳು, ಸೊಪ್ಪು ಯಾವುದೂ ಇರಲಿಲ್ಲ. ಅಂದಿನಿಂದ, ಆ ತಿಂಗಳು ಯಾರ ಮನೆಯಲ್ಲಿ ಊಟವೋ ಆ ಸರದಿಯ ಮನೆಯವರು ಅನ್ನ, ಸಾರು ಮಾತ್ರ ಮಾಡುತ್ತಾರೆ. ಉಳಿದವರಲ್ಲಿ ಒಬ್ಬರು ಕಾಯಿಪಲ್ಯ, ಒಬ್ಬರು ಮಡಕಿಕಾಳು ಅಥವಾ ಹೆಸರುಕಾಳು, ಇನ್ನೊಬ್ಬರು ರೊಟ್ಟಿ, ಚಟ್ನಿ, ಮೊಸರು ತರುತ್ತಾರೆ. ಸರದಿ ತಿರುಗುವುದರಿಂದ ಖರ್ಚಿನ ಲೆಕ್ಕ ಬರೆದಿಡುವ ಅಗತ್ಯವಿಲ್ಲ.

ರೊಟ್ಟಿಯ ಪಾಲು ಎಲ್ಲಕ್ಕಿಂತ ಭಾರವಾದದ್ದು. ಒಂದು ಕಿಲೋ ಜೋಳದ ಹಿಟ್ಟಿಗೆ ಸುಮಾರು 15 ರೊಟ್ಟಿಗಳಾಗುತ್ತವೆ. 14 ಜನರಿಗೆ ಎರಡು ಕಿಲೋಗಿಂತ ತುಸು ಹೆಚ್ಚು ಹಿಟ್ಟು ಬೇಕು. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲದ ಕಾರಣ ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ನಾದಿ, ಒಂದೊಂದನ್ನೇ ಬಡಿದು, ಹಂಚಿನ ಮೇಲೆ ಹಾಕಿ, ಹಸಿಬಟ್ಟೆಯಿಂದ ನೀರು ಸವರಿ ಮಗುಚಬೇಕು. ಒಬ್ಬರೇ ಕುಳಿತರೆ ಒಂದೂವರೆ ಗಂಟೆ ಒಲೆಯ ಮುಂದೆಯೇ ಕಳೆಯುತ್ತದೆ. ಬಡಿಯಲು ಒಬ್ಬರು, ಬೇಯಿಸಲು ಒಬ್ಬರು ಇರಲಿ. ಅದೂ ಆಗದಿದ್ದರೆ ವಾರದ ಮೊದಲೇ ಖಡಕ್ ರೊಟ್ಟಿ ಮಾಡಿಡಿ ಅಥವಾ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಕೊಂಡುಕೊಳ್ಳಿ. ಕೊಂಡ ರೊಟ್ಟಿಯಿಂದ ಯಾರ ಮನೆಯ ಮರ್ಯಾದೆಯೂ ಕಡಿಮೆಯಾಗುವುದಿಲ್ಲ.

ಸಿಹಿ ಬೇಡವೆಂದು ಮೊದಲ ದಿನವೇ ಒಪ್ಪಿಕೊಳ್ಳಿ. ಒಬ್ಬರು ಶೇಂಗಾ ಹೋಳಿಗೆ ಮಾಡಿದರೆ, ಮುಂದಿನ ಸರದಿಯವರಿಗೆ ಮಾದಲಿಯನ್ನಾದರೂ ಮಾಡದಿದ್ದರೆ ಕೊರತೆಯೆನಿಸುತ್ತದೆ. ಹಾಗೆ ಬೆಳೆದ ಊಟ ಒಂದು ವರ್ಷವೂ ನಡೆಯುವುದಿಲ್ಲ. ಧಾರವಾಡದ ಆಪೂಸು ಮಾವು ಬರುವ ಮೇ ತಿಂಗಳಲ್ಲಿ ಮಾತ್ರ ನಾವು ಸೀಕರಣೆಗಾಗಿ ಈ ನಿಯಮ ಸಡಿಲಿಸುತ್ತೇವೆ.

ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಬಿರುಬೇಸಿಗೆಯಲ್ಲಿ ಒಂದೇ ಗಂಟೆ. ಆದ್ದರಿಂದ ಪಲ್ಯವನ್ನು ಹೊರಡುವ ಹೊತ್ತಿಗೆ ಮಾಡಿ ಹಾಟ್‌ಬಾಕ್ಸಿನಲ್ಲಿ ತನ್ನಿ. ಮೊಸರನ್ನು ಫ್ರಿಜ್ಜಿನಿಂದ ಕೊನೆಗೆ ತೆಗೆಯಿರಿ.

ಬಡಿಸುವುದು, ಪಾತ್ರೆ ತೊಳೆಯುವುದು ಗಂಡಸರಿಗೂ ಮಕ್ಕಳಿಗೂ ಸೇರಿದ ಕೆಲಸ. ಅದು ಸರದಿಯ ಮನೆಯ ಗೃಹಿಣಿಯೊಬ್ಬಳ ಮೇಲೆ ಬಿದ್ದರೆ ಆಕೆಗೆ ರವಿವಾರ ಎರಡು ಪಟ್ಟು ದುಡಿಮೆಯ ದಿನವಾಗುತ್ತದೆ, ಹಾಗಾಗಲು ಬಿಡಬೇಡಿ. ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಾಗಲೇ “ಮುಂದಿನ ಸಲ ನಮ್ಮ ಮನಿಯಾಗ, ಕಾಳು ನೀವು ತರ್ರಿ” ಎಂದು ಸರದಿ ಗೊತ್ತುಮಾಡಿ, ಅವರವರ ಡಬ್ಬಿಗಳನ್ನು ತೊಳೆದು ಕೈಗೆ ಕೊಟ್ಟು ಕಳುಹಿಸಿ.