ಬೆಳಗಾವಿಯ ಹೊರಬಡಾವಣೆಯಲ್ಲಿ ಸಂಸಾರಕ್ಕೆ ಮನೆ: ಮಳೆ ನೋಡಿ, ಸದ್ದು ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ

ವಿಜಯಪುರ, ಬಾಗಲಕೋಟೆ ಕಡೆಯಿಂದ ಬೆಳಗಾವಿಗೆ ವರ್ಗವಾಗಿ ಬರುವವರು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಮನೆ ಹುಡುಕುತ್ತಾರೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಅಲ್ಲಿನ ಬಿಸಿಲಿಗೆ ಹೋಲಿಸಿದರೆ ಇಲ್ಲಿ ತಂಪು. ಹೊಸ ಬಣ್ಣ ಹೊಡೆದ ಮನೆ, ಮುಂದೆ ಒಂದು ಗುಲ್‌ಮೊಹರ್ ಗಿಡ, ಓಣಿಯಲ್ಲಿ ಸೈಕಲ್ ಹೊಡೆಯುವ ಹುಡುಗರು. ಇನ್ನೇನು ಬೇಕು ಎಂದು ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಜುಲೈನಲ್ಲಿ ಅದೇ ಮನೆಯ ಕಪಾಟು ಸರಿಸಿ ನೋಡಿದರೆ ಹಿಂದೆಲ್ಲ ಬೂಸ್ಟು.

ಬೆಳಗಾವಿ ಸಮುದ್ರದ ದಂಡೆಯ ಊರಲ್ಲ, ಗೊತ್ತು. ಆದರೆ ನಕಾಶೆಯಲ್ಲಿ ನೇರ ಗೆರೆ ಎಳೆದರೆ ಅರಬ್ಬೀ ಸಮುದ್ರ 100 ಕಿಲೋಮೀಟರ್ ಒಳಗೇ ಸಿಗುತ್ತದೆ, ನಡುವೆ ಸಹ್ಯಾದ್ರಿ. ಕಡಲಿನಿಂದ ಬಂದ ಮೋಡ ಘಟ್ಟ ಹತ್ತಿ, ಕಣಕುಂಬಿ, ಜಾಂಬೋಟಿ ಕಡೆ ಮನಸಾರೆ ಸುರಿದು, ಉಳಿದದ್ದನ್ನು ಸುಮಾರು 750 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನ ಮೇಲೆ ಸುರಿಯುತ್ತದೆ. ವರ್ಷಕ್ಕೆ ಸುಮಾರು 1300 ಮಿಲಿಮೀಟರ್ ಮಳೆ. ವಿಜಯಪುರದಲ್ಲಿ ಇದರ ಅರ್ಧವೂ ಕಷ್ಟ. ಅದಕ್ಕೇ ಅಲ್ಲಿ ಮನೆ ನೋಡುವ ಕಣ್ಣು ಇಲ್ಲಿ ನಡೆಯುವುದಿಲ್ಲ.

ಮೊದಲ ಮಾತು: ಸಾಧ್ಯವಾದರೆ ಜುಲೈ-ಆಗಸ್ಟ್‌ನಲ್ಲಿ, ಜಡಿ ಹಿಡಿದ ದಿನ ಬಂದು ಮನೆ ನೋಡಿ. ಆಗದಿದ್ದರೆ ಬೇಸಿಗೆಯಲ್ಲೂ ಮಳೆಯ ಗುರುತು ಸಿಗುತ್ತದೆ, ಹುಡುಕಬೇಕು ಅಷ್ಟೇ. ಮಳೆ-ಗಾಳಿ ಹೊಡೆಯುವುದು ಪಡುವಣ ದಿಕ್ಕಿನಿಂದ. ಆದ್ದರಿಂದ ಪಶ್ಚಿಮದ ಗೋಡೆಗೆ ನೇರ ಹೋಗಿ, ಒಳಗಿನಿಂದ ಅಂಗೈ ಇಟ್ಟು ನೋಡಿ. ಬಣ್ಣ ಉಬ್ಬಿದೆಯಾ? ಬೆರಳಿನಿಂದ ಕೆರೆದರೆ ಬಿಳಿ ಪುಡಿ ಉದುರುತ್ತದೆಯಾ? ನೆಲದಿಂದ ಎರಡು-ಮೂರು ಅಡಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಬೇಕಾಗಿಯೇ ಇಲ್ಲ. ಗೋಡೆಗೆ ಹೊಡೆದ ಮೊಳೆಗಳನ್ನೂ ನೋಡಿ, ಮೊಳೆಯ ಕೆಳಗೆ ತುಕ್ಕಿನ ಕೆಂಪು ಗೆರೆ ಇಳಿದಿದ್ದರೆ ಗೋಡೆ ನೀರು ಕುಡಿದಿದೆ ಎಂದೇ ಲೆಕ್ಕ. ಆಮೇಲೆ ಮಾಳಿಗೆ ಹತ್ತಿ. ಮೇಲೆ ಪತ್ರಾಸ್ (ತಗಡಿನ ಚಾವಣಿ) ಹಾಕಿಸಿದ್ದರೆ ನೋಡಲಿಕ್ಕೆ ಚೆಂದ ಇರುವುದಿಲ್ಲ, ಆದರೆ ಅಂಥ ಮನೆಯನ್ನೇ ಹಿಡಿಯಿರಿ. ಸ್ಲ್ಯಾಬ್ ಸೋರುವುದಿಲ್ಲ, ಮೂರು ತಿಂಗಳು ಬಟ್ಟೆ ಒಣಗಿಸಲು ಜಾಗವೂ ಸಿಕ್ಕಿತು. ಮನೆ ತೋರಿಸುವವರನ್ನು "ಮಳೆಗಾಲದಾಗ ಅರಿಬಿ ಎಲ್ಲಿ ಹಾಕ್ತೀರಿ?" ಎಂದು ಕೇಳಿ. ಮನೆಯ ಅರ್ಧ ಜಾತಕ ಅದರಲ್ಲೇ ತಿಳಿಯುತ್ತದೆ.

ಇನ್ನು ಮಣ್ಣು. ಕ್ಯಾಂಪ್, ಹಿಂಡಲಗಾ ಕಡೆ ಕೆಂಪು ಮಣ್ಣು ಹೆಚ್ಚು, ನೀರು ಬೇಗ ಇಳಿಯುತ್ತದೆ. ಶಹಾಪುರ, ವಡಗಾವಿ, ಯಳ್ಳೂರು ಕಡೆಯ ಹೊಲಗಳಲ್ಲಿ ಕಪ್ಪು ಎರೆ ಮಣ್ಣು, ಅಲ್ಲಿ ಭತ್ತ ಬೆಳೆಯುತ್ತಾರೆ. ಭತ್ತ ಬೆಳೆಯುವ ಜಾಗ ಅಂದರೆ ನೀರು ನಿಲ್ಲುವ ಜಾಗ, ಅಲ್ವಾ? ಆ ಕಡೆ ಹರಿಯುವ ಬಳ್ಳಾರಿ ನಾಲೆ ಜೋರು ಮಳೆಗೆ ಉಕ್ಕಿ ಗದ್ದೆಗಳಿಗೆ ನುಗ್ಗುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಹಾಗಂತ ಆ ಭಾಗವೇ ಬೇಡ ಎನ್ನುವುದಿಲ್ಲ, ಒಳ್ಳೆಯ ಜನ, ಬಾಡಿಗೆಯೂ ಕೈಗೆಟುಕುತ್ತದೆ. ಆದರೆ ನಾಲೆಯಿಂದ ಮನೆ ಎಷ್ಟು ಎತ್ತರದಲ್ಲಿದೆ ನೋಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯ ಕೆಳಗಿನ ಗಟ್ಟಿ ಗರಸು ಮಣ್ಣಿನ ತನಕ ಇಳಿದಿಲ್ಲದಿದ್ದರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಓಡುತ್ತದೆ. ಆ ಬಿರುಕಿನಲ್ಲಿ ನಾಣ್ಯ ತೂರಿದರೆ ಮನೆ ಬಿಡಿ.

ಸದ್ದಿನ ವಿಷಯಕ್ಕೆ ಬರೋಣ, ಏಕೆಂದರೆ "ಶಾಂತ ಏರಿಯಾ" ಎಂದು ಹೇಳದ ಏಜೆಂಟರು ಯಾರೂ ಇಲ್ಲ. ಒಂದೇ ಜಾಗವನ್ನು ಮೂರು ಹೊತ್ತು ನೋಡಿ: ಶಾಲೆ ಬಿಡುವ ಹೊತ್ತು, ರಾತ್ರಿ ಹತ್ತರ ನಂತರ, ಮತ್ತು ಭಾನುವಾರ ಬೆಳಿಗ್ಗೆ. ಟಿಳಕವಾಡಿ ಹಳೆಯ ಮರಗಳಿರುವ ಒಳ್ಳೆಯ ಜಾಗ, ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಬೆಳಗಿನ ವಾಕಿಂಗ್ ಸಿಗುತ್ತದೆ, ಆದರೆ ರೈಲ್ವೆ ಗೇಟಿನ ಹತ್ತಿರ ಮನೆ ಹಿಡಿದರೆ ರೈಲಿನ ಕೂಗಿಗೂ ಗೇಟು ಬಿದ್ದಾಗಿನ ಹಾರ್ನಿಗೂ ತಯಾರಿರಬೇಕು. ಉದ್ಯಮಬಾಗದ ಹತ್ತಿರ ಫೌಂಡ್ರಿಗಳಿವೆ. ವಡಗಾವಿ, ಖಾಸಬಾಗದ ಕೆಲವು ಗಲ್ಲಿಗಳಲ್ಲಿ ಪವರ್‌ಲೂಮ್ ಮಗ್ಗಗಳ ಖಟಖಟ ಇರುತ್ತದೆ. ಅದು ಅವರ ಹೊಟ್ಟೆಪಾಡು, ಬಾಡಿಗೆಗೆ ಬಂದ ಮೇಲೆ ತಕರಾರು ತೆಗೆಯುವ ಬದಲು ಮೊದಲೇ ಕೇಳಿಸಿಕೊಂಡು ಹೋಗುವುದು ಮರ್ಯಾದೆ. ರಾಮತೀರ್ಥ ನಗರ, ಮಹಾಂತೇಶ ನಗರದಂಥ ಕಡೆ ರಸ್ತೆ ಅಗಲ, ಮಕ್ಕಳಿಗೆ ಆಡಲು ಜಾಗ ಇದೆ. ಅಲ್ಲಿ ನೋಡಬೇಕಾದ್ದು ಹತ್ತಿರದಲ್ಲಿ ಮಂಗಲ ಕಾರ್ಯಾಲಯ ಇದೆಯಾ ಎಂದು. ಮದುವೆ ಸೀಸನ್ನಿನಲ್ಲಿ ಬ್ಯಾಂಡು, ಪಟಾಕಿ, ಗೇಟಿಗೆ ಅಡ್ಡ ನಿಲ್ಲಿಸಿದ ಕಾರು, ಎಲ್ಲ ಸೇರಿ ತಲೆ ಚಿಟ್ಟು ಹಿಡಿಸುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ವಸತಿ ಪ್ರದೇಶದಲ್ಲಿ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. 112ಕ್ಕೆ ಫೋನ್ ಮಾಡಬಹುದು. ಗಣಪತಿ ಹಬ್ಬದ ದಿನಗಳನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯಬೇಡಿ. ಬೆಳಗಾವಿಯಲ್ಲಿದ್ದು ಗಣಪತಿಗೆ ಗದ್ದಲ ಬೇಡ ಅಂದರೆ ಆಗುವ ಮಾತಲ್ಲ.

ಹೊಸಬರಿಗೆ ಹೊಳೆಯದ ಇನ್ನೊಂದು ಸದ್ದಿದೆ, ಸಮುದ್ರಕ್ಕೆ ಹೋಗುವವರದ್ದು. ಪೀರನವಾಡಿಯಿಂದ ಜಾಂಬೋಟಿ, ಚೋರ್ಲಾ ಘಟ್ಟದ ಮೇಲೆ ಗೋವಾಕ್ಕೆ ಒಂದು ದಾರಿ, ಹಿಂಡಲಗಾ ಮೇಲೆ ವೆಂಗುರ್ಲಾಕ್ಕೆ ಇನ್ನೊಂದು. ಈ ರಸ್ತೆಗಳಿಗೆ ಮುಖ ಮಾಡಿದ ಮನೆಯಲ್ಲಿ ಶನಿವಾರ ನಸುಕಿನಲ್ಲೇ ಗಾಡಿಗಳ ಸಾಲು ಶುರುವಾಗುತ್ತದೆ, ಭಾನುವಾರ ರಾತ್ರಿ ಅವೇ ಗಾಡಿಗಳು ವಾಪಸ್ಸು. ರಸ್ತೆಯಿಂದ ಎರಡು ಕ್ರಾಸ್ ಒಳಗೆ ಹೋದರೆ ಸಾಕು, ನೆಮ್ಮದಿ. ಮನಸ್ಸಾದಾಗ ಹೆಂಡತಿ-ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆ ಬೀಚಿಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುವ ಸುಖವೂ ಉಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಚೋರ್ಲಾ ಬೇಡ, ಮಂಜು ಮುಸುಕಿದರೆ ಎದುರಿನ ಲಾರಿ ಹತ್ತಿರ ಬರುವ ತನಕ ಕಾಣುವುದಿಲ್ಲ.

ನೀರು, ಕಾಗದ ಬೇಗ ಮುಗಿಸುತ್ತೇನೆ. ಊರಿಗೆ ಕುಡಿಯುವ ನೀರು ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಕೆಲವು ವಾರ್ಡುಗಳಿಗೆ 2008ರಲ್ಲೇ ದಿನವಿಡೀ ನೀರು ಬಂತು, ಹೊರಬಡಾವಣೆಗಳ ಕಥೆ ಬೇರೆ. ಹೀಗಾಗಿ "ನೀರು ಬರುತ್ತಾ?" ಎಂದು ಕೇಳಬೇಡಿ, "ಎಷ್ಟು ದಿನಕ್ಕೊಮ್ಮೆ, ಎಷ್ಟು ತಾಸು?" ಎಂದು ಪಕ್ಕದ ಮನೆಯವರನ್ನು ಕೇಳಿ. ಬಾವಿ ಇದ್ದರೆ ಅದೃಷ್ಟ, ಆದರೆ ಸೆಪ್ಟಿಕ್ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ, ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೆ ಬಂದಾಗ ಎರಡೂ ಸೇರಬಾರದು. ಕೊಳ್ಳುವವರಾದರೆ ಎನ್‌ಎ (ಕೃಷಿಯೇತರ) ಆದೇಶ, ಬುಡಾ ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ, ಇ-ಖಾತಾ ಇವನ್ನು ನೋಡದೆ ಹೊಲ ಒಡೆದು ಗುಂಟೆ ಲೆಕ್ಕದಲ್ಲಿ ಮಾರುವ ಪ್ಲಾಟಿಗೆ ಕೈ ಹಾಕಬೇಡಿ, ಅದು ಎಷ್ಟೇ ಅಗ್ಗ ಇರಲಿ. ಬಾಡಿಗೆಯವರು ಗೃಹಜ್ಯೋತಿಗೆ ತಮ್ಮ ಆಧಾರ್‌ನಲ್ಲೇ ಅರ್ಜಿ ಹಾಕಬಹುದು, 200 ಯೂನಿಟ್ ಒಳಗಿನ ಬಳಕೆಗೆ ಅದು ಅನ್ವಯ. ಹಳೆಯ ಬಾಡಿಗೆದಾರ ಆ ಮನೆಯ ಮೀಟರಿಗೆ ಜೋಡಿಸಿದ್ದ ತನ್ನ ಆಧಾರ್ ಬಿಡಿಸಿದ್ದಾನಾ ಎಂದು ಕೀಲಿ ತೆಗೆದುಕೊಳ್ಳುವ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಓಣಿಯಲ್ಲಿ ಮರಾಠಿ, ಕನ್ನಡ, ಕೊಂಕಣಿ ಎಲ್ಲ ಕೇಳುತ್ತದೆ. ಎದುರಿನ ಮನೆಯ ಹಿರಿಯರಿಗೆ ಕಾಕಾ, ಕಾಕು, ಪಕ್ಕದ ಮನೆಯ ಹೆಣ್ಣುಮಗಳಿಗೆ ವೈನಿ ಅಂದರೆ ಆಯಿತು, ಭಾಷೆ ಯಾವುದಾದರೂ ನಡೆಯುತ್ತದೆ. ಗಲ್ಲಿಯ ಹುಡುಗರು ಹಬ್ಬದ ಪಟ್ಟಿ (ಚಂದಾ) ಕೇಳಲು ಬಂದರೆ ಕೈಲಾದಷ್ಟು ಕೊಡಿ. ಮಕ್ಕಳು ಹೊರಗೆ ಆಡುತ್ತಿದ್ದಾಗ ಕಣ್ಣಿಡುವವರು ಅವರೇ.

ಸಾಮಾನು ಸಾಗಿಸುವುದನ್ನು ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ ಮುಗಿಸಿ. ಕಪಾಟು, ಹಾಸಿಗೆ ಪೆಟ್ಟಿಗೆಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಗಾಳಿ ಆಡಬೇಕು. ಜೋಳ ಜಾಸ್ತಿ ತುಂಬಿಡಬೇಡಿ, ಹಿಟ್ಟು ವಾರಕ್ಕಾಗುವಷ್ಟೇ ಹಾಕಿಸಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಬರುತ್ತದೆ. ಊರಿಂದ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಅಲ್ಲಿ ಅರಿಬಿಯಲ್ಲಿ ಸುತ್ತಿಟ್ಟರೆ ತಿಂಗಳುಗಟ್ಟಲೆ ಗರಿಗರಿ ಇರುತ್ತದೆ, ಇಲ್ಲಿ ಜುಲೈನಲ್ಲಿ ಎರಡೇ ದಿನಕ್ಕೆ ಮೆತ್ತಗಾಗಿ ಚರ್ಮದ ಹಾಗೆ ಎಳೆಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ತಿನ್ನುವಾಗ ಹಂಚಿನ ಮೇಲೆ ಒಮ್ಮೆ ಬಿಸಿ ಮಾಡಿಕೊಳ್ಳಿ.