ಸರ್ಕಾರಿ ರಂಗಮಂದಿರದಲ್ಲಿ ನಾಟಕ: ಬುಕಿಂಗ್‌ನಿಂದ ಬೀಗ ಹಾಕುವವರೆಗೆ

ತಿಂಗಳುಗಟ್ಟಲೆ ತಾಲೀಮು ನಡೆಸಿದ ಹವ್ಯಾಸಿ ತಂಡಗಳು ಪ್ರದರ್ಶನದ ದಿನ ರಂಗಮಂದಿರದಲ್ಲಿ ಪರದಾಡುವುದನ್ನು ಬೆಂಗಳೂರಿನಲ್ಲಿ ಪದೇ ಪದೇ ನೋಡುತ್ತೇನೆ. ನಟರ ತಯಾರಿಗೆ ಏನೂ ಕೊರತೆ ಇರುವುದಿಲ್ಲ. ಎಡವುವುದು ಹೊತ್ತಿನ ಲೆಕ್ಕದಲ್ಲಿ.

1. ಸಭಾಂಗಣ ಯಾರದೆಂದು ತಿಳಿದುಕೊಳ್ಳಿ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅದೇ ಆವರಣದ ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ ಈ ಮೂರೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವು. ಕೂಗಳತೆಯಲ್ಲಿರುವ ಪುಟ್ಟಣ್ಣ ಚೆಟ್ಟಿ ಪುರಭವನ ಪಾಲಿಕೆ ಆಡಳಿತದ್ದು. ಒಂದು ಕಚೇರಿಯ ರಸೀದಿ ಇನ್ನೊಂದರಲ್ಲಿ ನಡೆಯದು. ಮೊದಲ ಪ್ರಯೋಗಕ್ಕೆ ನಯನದಂಥ ಚಿಕ್ಕ ಸಭಾಂಗಣವನ್ನೇ ಹಿಡಿಯಿರಿ. ಕಲಾಕ್ಷೇತ್ರದ ಅರ್ಧ ಕುರ್ಚಿಗಳು ಖಾಲಿ ಬಿದ್ದರೆ ನಟರ ಉಸಿರೇ ಕುಗ್ಗುತ್ತದೆ.

2. ಅರ್ಜಿ, ಬಾಡಿಗೆ, ಠೇವಣಿ ಕಟ್ಟಿ ರಸೀದಿ ಪಡೆಯಿರಿ. ಸರ್ಕಾರಿ ಕಾರ್ಯಕ್ರಮ ಬಂದರೆ ನಿಮ್ಮ ದಿನಾಂಕದ ಗತಿ ಏನೆಂಬ ಷರತ್ತನ್ನು ಓದಿದ ಮೇಲೆಯೇ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡಿ. ನಾಟಕಕಾರರ ಅನುಮತಿಯೂ ಬರಹದಲ್ಲೇ ಇರಲಿ.

3. ಹೊತ್ತಿನ ಲೆಕ್ಕ ಹಾಕಿ. ಎಲ್ಲ ಕೆಡುವುದು ಇಲ್ಲೇ. ದುಡ್ಡು ಉಳಿಸಲು ಸಂಜೆಯ ಪಾಳಿ ಮಾತ್ರ ಹಿಡಿಯುತ್ತಾರೆ. ಏಳಕ್ಕೆ ನಾಟಕ, ಸೆಟ್ ಹೊತ್ತ ಟೆಂಪೋ ಬರುವುದು ನಾಲ್ಕಕ್ಕೆ. ಸೆಟ್ ನಿಲ್ಲದೆ ಲೈಟ್ ಫೋಕಸ್ ಮಾಡಲಾಗದು, ಅಂದರೆ ಯಾವ ಲೈಟು ಎಲ್ಲಿ ಬೀಳಬೇಕೋ ಅತ್ತ ತಿರುಗಿಸಿ ನಿಲ್ಲಿಸಲಾಗದು. ನಟರನ್ನು ಅವರವರ ಜಾಗದಲ್ಲಿ ನಿಲ್ಲಿಸದೆ ಫೋಕಸ್ ಸರಿಯೋ ತಪ್ಪೋ ತಿಳಿಯದು. ಆ ನಟರೋ ಮೇಕಪ್ ಕುರ್ಚಿಯಲ್ಲಿ ಕೂತಿರುತ್ತಾರೆ. ಏಣಿಯ ಮೇಲಿದ್ದವರು ಅಂದಾಜಿನಲ್ಲಿ ಸ್ಪಾಟ್ ತಿರುಗಿಸುತ್ತಾರೆ. ಕೊನೆಗೆ ನಾಯಕಿ ಅತ್ತು ಮಾತಾಡುವಾಗ ಬೆಳಕು ಅವಳ ಮೊಣಕಾಲಿನ ಮೇಲೆ ಬಿದ್ದಿರುತ್ತದೆ.

ಆದ್ದರಿಂದ ಇಡೀ ದಿನವನ್ನೇ ಹಿಡಿಯಿರಿ. ಬೇಕಿದ್ದರೆ ಸೆಟ್ಟಿನ ಖರ್ಚು ಕಡಿಮೆ ಮಾಡಿ. ಬೆಳಿಗ್ಗೆ ಸೆಟ್ ಮತ್ತು ಲೈಟ್ ಕಟ್ಟುವುದು, ಊಟಕ್ಕೆ ಮುಂಚೆ ಫೋಕಸ್, ಮಧ್ಯಾಹ್ನ ಟೆಕ್ನಿಕಲ್ ತಾಲೀಮು (ಬೆಳಕು, ಧ್ವನಿಯನ್ನು ನಾಟಕಕ್ಕೆ ಹೊಂದಿಸಿ ನೋಡುವುದು), ಐದೂವರೆಗೆ ರಂಗ ಖಾಲಿ. ಫೋಕಸ್‌ಗೆ ನಟರೇ ಬೇಕಿಲ್ಲ. ಅವರಷ್ಟೇ ಎತ್ತರದ ಇಬ್ಬರು ಗೆಳೆಯರು ನಿಂತರೂ ಸಾಕು. ಜಾಗಗಳನ್ನು ಟೇಪಿನಿಂದ ಗುರುತಿಸಿ, ಆದರೆ ಬಟ್ಟೆಯ ಟೇಪೇ ಇರಲಿ. ಪ್ಯಾಕಿಂಗ್‌ನ ಕಂದು ಟೇಪ್ ಹಚ್ಚಿದರೆ ಕಿತ್ತ ಮೇಲೂ ಅಂಟು ನೆಲದಲ್ಲೇ ಉಳಿಯುತ್ತದೆ, ನಿಮ್ಮ ನಂತರ ಅದೇ ರಂಗಕ್ಕೆ ಬರುವ ಬರಿಗಾಲಿನ ನರ್ತಕರು ಅದನ್ನು ತುಳಿಯಬೇಕಾಗುತ್ತದೆ. ಮೊಳೆ ಹೊಡೆಯಲೇಬೇಡಿ, ಫ್ರೇಮಿನ ಬುಡಕ್ಕೆ ಮರಳು ಚೀಲ ಇಡಿ.

ಸನ್ಮಾನವನ್ನು ನಾಟಕ ಮುಗಿದ ಮೇಲೆ ಇಟ್ಟುಕೊಳ್ಳಿ. ಮೊದಲೇ ಇಟ್ಟರೆ ಶಾಲು, ಹಾರ, ಭಾಷಣದಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ, ಜೋಡಿಸಿಟ್ಟ ರಂಗಸಜ್ಜಿಕೆಯೂ ಕದಲುತ್ತದೆ. ಹಿಂಬದಿಯ ಬಿಳಿ ಪರದೆಗೆ ಪ್ರಾಯೋಜಕರ ಫ್ಲೆಕ್ಸ್ ಕಟ್ಟಲು ಖಂಡಿತ ಬಿಡಬೇಡಿ. ಅದರ ಜಾಗ ಹೊರಗಿನ ಪಡಸಾಲೆ.

4. ಬೆಳಕು, ಧ್ವನಿ. ಸಭಾಂಗಣದಲ್ಲಿ ಏನೇನಿದೆ, ಯಾವುದು ಕೆಲಸ ಮಾಡುತ್ತಿದೆ ಎಂದು ವಾರ ಮೊದಲೇ ಹೋಗಿ ಅಲ್ಲಿನ ತಂತ್ರಜ್ಞರನ್ನು ಕೇಳಿ ಬರೆದುಕೊಳ್ಳಿ. ಅವರನ್ನು ಗೌರವದಿಂದ ಕಂಡರೆ ಅರ್ಧ ಕೆಲಸ ಆದಂತೆಯೇ. ಮದುವೆ ವೇದಿಕೆಗೆ ಹಾಕುವ ಅಗ್ಗದ ಎಲ್‌ಇಡಿ ಲೈಟುಗಳನ್ನು ತರಬೇಡಿ. ಮಂದ ಮಾಡಿದಾಗ ಬೆಳಕು ತಡವರಿಸಿ ಇಳಿಯುತ್ತದೆ, ಮುಖಗಳು ನೀಲಿಗಟ್ಟುತ್ತವೆ. ಕಡಿಮೆ ಬೆಲೆಯ ಕಾಲರ್ ಮೈಕೂ ಬೇಡ, ರೇಷ್ಮೆ ಸೀರೆಯ ಸರಬರವನ್ನೆಲ್ಲ ಕೊನೆಯ ಸಾಲಿಗೆ ಕೇಳಿಸುತ್ತದೆ.

5. ಬಯಲು ರಂಗಮಂದಿರವಾದರೆ ಇನ್ನೊಂದು ಎಚ್ಚರ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಎರಡೂವರೆ ಗಂಟೆಯ ನಾಟಕವಾದರೆ ಏಳಕ್ಕೇ ಪರದೆ ಏಳಬೇಕು. ಗಣ್ಯರು ದಾರಿಯಲ್ಲಿದ್ದಾರೆಂದು ಕಾಯಬೇಡಿ.

6. ತೆರವು. ಸೆಟ್ ಬಿಚ್ಚಿ ಸಾಗಿಸಲು ಒಂದು ಗಂಟೆಯನ್ನು ಬಾಡಿಗೆ ಅವಧಿಯೊಳಗೇ ಇಟ್ಟುಕೊಳ್ಳಿ, ನಾಲ್ವರಿಗೆ ಇದೊಂದೇ ಕೆಲಸ ವಹಿಸಿ. ಗ್ರೀನ್ ರೂಮಿನ ಕನ್ನಡಿಗೆ ಅಂಟಿದ ಬಿಂದಿ, ಸಿಂಕಿನಲ್ಲಿ ಉಳಿದ ಬಣ್ಣ ತೆಗೆಯಿರಿ. ಹೊರಡುವ ಮುನ್ನ ಅಲ್ಲಿನ ಸಿಬ್ಬಂದಿಯ ಜೊತೆ ಒಂದು ಸುತ್ತು ನಡೆದು, ಏನೂ ಹಾನಿಯಾಗಿಲ್ಲವೆಂದು ಸಹಿ ಹಾಕಿಸಿಕೊಳ್ಳಿ. ಠೇವಣಿ ವಾಪಸಿನ ಅರ್ಜಿಗೆ ಈ ಹಾಳೆ, ಮೂಲ ರಸೀದಿ ಎರಡನ್ನೂ ಲಗತ್ತಿಸಿ, ಮರುದಿನವೇ ಕೊಟ್ಟುಬಿಡಿ.