ಸ್ಟೂಡೆಂಟ್ಸು, ಲೆಕ್ಚರರ್ಸು, ಲ್ಯಾಬ್ ಅಣ್ಣ – ಒಂದೇ ಟೇಬಲ್ಲಿಗೆ ಕೂರಿಸೋದು ಹೇಗೆ

ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿ ಫೈಲಿಗೆ ಹಾಕೋದನ್ನೇ "ವಿದ್ಯಾರ್ಥಿಗಳ ಸಹಭಾಗಿತ್ವ" ಅಂತ ಕರ್ಕೊಂಡು ನಾವು ಬಹಳ ವರ್ಷ ತಳ್ಳಿದ್ದೀವಿ. ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ಅಳೆಯೋ ನ್ಯಾಕ್ ಸಂಸ್ಥೆಯ ನಿಯಮದ ಪ್ರಕಾರ ಐಕ್ಯೂಎಸಿ ಅನ್ನೋ ಒಳಗಿನ ಗುಣಮಟ್ಟದ ಕಮಿಟಿಯಲ್ಲಿ ಒಬ್ಬ ವಿದ್ಯಾರ್ಥಿ ಇರ್ಬೇಕು, ಲಿಸ್ಟಲ್ಲಿ ಹೆಸರೂ ಇರುತ್ತೆ, ಆದ್ರೆ ಎಷ್ಟೋ ಕಡೆ ನ್ಯಾಕ್ ತಪಾಸಣೆಯ ವಾರ ಅವನನ್ನ ಇಸ್ತ್ರಿ ಶರ್ಟ್ ಹಾಕ್ಸಿ ಮುಂದೆ ಕೂರಿಸ್ತಾರೆ, ಮಿಕ್ಕ ದಿನ ತಾನು ಮೆಂಬರ್ ಅನ್ನೋದೇ ಪಾಪ ಅವನಿಗೆ ಗೊತ್ತಿರಲ್ಲ. ನಾನು ಒಂದು ಯೂನಿವರ್ಸಿಟಿಯಲ್ಲಿ ಎಮ್ಮೆಸ್ಸಿ ಕೆಮಿಸ್ಟ್ರಿಗೆ ಪಾಠ ಮಾಡ್ತೀನಿ. ನಾಲ್ಕು ವರ್ಷದಿಂದ ಇದನ್ನ ಸ್ವಲ್ಪ ಬೇರೆ ಥರ ಮಾಡೋಕೆ ಒದ್ದಾಡ್ತಿದ್ದೀನಿ, ಏನು ಕೆಲಸ ಮಾಡ್ತು ಏನು ಮಾಡ್ಲಿಲ್ಲ ಅಂತ ಬರೀತೀನಿ, ನಿಮ್ಮ ಡಿಪಾರ್ಟ್‌ಮೆಂಟಿಗೆ ಎಷ್ಟು ಹೊಂದುತ್ತೋ ಅಷ್ಟು ತಗೊಳ್ಳಿ.

ಮೊದಲು ನಾನು ಕೆಟ್ಟ ಕಥೆ. ಆರು ಜನ ಸ್ಟೂಡೆಂಟ್ಸ್‌ನ ನನ್ನ ಚೇಂಬರಿಗೇ ಕರೆದೆ, ಟೀ ಬಿಸ್ಕೆಟ್ ತರಿಸಿದೆ. ಇರೋದು ಮೂರು ಕುರ್ಚಿ. ಎಲ್ಲರೂ ಗೋಡೆಗೆ ಒತ್ಕೊಂಡು ನಿಂತ್ರು, ಬಿಸ್ಕೆಟ್ ಒಬ್ರೂ ಮುಟ್ಲಿಲ್ಲ. ಏನಾದ್ರೂ ತೊಂದ್ರೆ ಇದ್ಯಾ ಅಂದ್ರೆ "ಎಲ್ಲಾ ಚೆನ್ನಾಗಿದೆ ಮೇಡಂ". ಹತ್ತು ನಿಮಿಷಕ್ಕೆ ಮೀಟಿಂಗ್ ಮುಗೀತು. ಆಮೇಲೆ ಕಾರಿಡಾರಲ್ಲಿ ಒಬ್ಬ ಹುಡುಗ ಮೆಲ್ಲಗೆ, "ಮೇಡಂ, ಇಂಟರ್ನಲ್ಸ್ ಮಾರ್ಕ್ಸ್ ಇನ್ನೂ ಅಪ್‌ಲೋಡ್ ಆಗಿಲ್ಲ, ಈಗ ಯಾರು ಬಾಯಿ ಬಿಡ್ತಾರೆ" ಅಂದ.

ಹಾಗಾಗಿ ನಾನು ಹೇಳೋ ಮೊದಲನೇ ಮಾತು ಟೈಮ್ ಬಗ್ಗೆ. ಇಂಟರ್ನಲ್ಸ್ ಹತ್ರ ಇರುವಾಗ ಕರೀಬೇಡಿ, ಸೆಮ್ ಶುರುವಾದ ಎರಡು ಮೂರನೇ ವಾರ ಒಳ್ಳೇದು. ಚೇಂಬರ್ ಬೇಡವೇ ಬೇಡ. ಖಾಲಿ ಕ್ಲಾಸ್‌ರೂಮು, ಲೈಬ್ರರಿ ಪಕ್ಕದ ಕಟ್ಟೆ, ಕ್ಯಾಂಟೀನಿನ ಮೂಲೆ, ಎಲ್ಲಾದ್ರೂ ಸರಿ, ಎಲ್ರಿಗೂ ಒಂದೇ ಥರದ ಕುರ್ಚಿ ಇರ್ಬೇಕು ಅಷ್ಟೇ. ಸಾಧ್ಯ ಆದ್ರೆ ಮಾರ್ಕ್ಸ್ ನಿಮ್ಮ ಕೈಲಿಲ್ಲದ ಬ್ಯಾಚಿನ ಜೊತೆ ಶುರು ಮಾಡಿ.

ಯಾರನ್ನ ಕರೀಬೇಕು? ಸಿ.ಆರ್. (ಕ್ಲಾಸ್ ಪ್ರತಿನಿಧಿ) ಮತ್ತೆ ಟಾಪರ್ ಹೇಗೂ ಬರ್ತಾರೆ, ಅವರ ಪ್ರಾಬ್ಲಮ್ಮೇ ಎಲ್ಲರ ಪ್ರಾಬ್ಲಮ್ಮಲ್ಲ. ಹಾಸ್ಟೆಲಿಂದ ಒಬ್ರು, ದಿನಾ ಬಸ್ಸಲ್ಲಿ ಓಡಾಡೋರು ಒಬ್ರು, ಡಿಗ್ರಿ ತನಕ ಕನ್ನಡದಲ್ಲೇ ಪ್ರಶ್ನೆ ಕೇಳಿ ಅಭ್ಯಾಸ ಇರೋರು ಒಬ್ರು, ಒಂದು ಪೇಪರ್ ಬ್ಯಾಕ್ ಇಟ್ಕೊಂಡಿರೋರು ಒಬ್ರು, ಇಷ್ಟು ಇದ್ರೆ ಚಿತ್ರ ಬೇರೆನೇ ಕಾಣುತ್ತೆ. ಮತ್ತೆ ಮೀಟಿಂಗ್ ಕನ್ನಡದಲ್ಲೇ ಇರ್ಲಿ, ಮಿನಿಟ್ಸ್ ಇಂಗ್ಲಿಷಲ್ಲಿ ಬೇಕಿದ್ರೆ ನೀವು ಆಮೇಲೆ ಬರ್ಕೊಳ್ಳಿ.

ಇನ್ನು ಕೆಲಸ. ಸಿಲಬಸ್ ಬದಲಾಯಿಸೋಣ ಅಂತ ಶುರು ಮಾಡಿದ್ರೆ ಬೋರ್ಡ್ ಆಫ್ ಸ್ಟಡೀಸು, ಅಕಾಡೆಮಿಕ್ ಕೌನ್ಸಿಲ್ಲು ಅಂತ ಅದನ್ನ ಒಪ್ಪಬೇಕಾದ ಕಮಿಟಿಗಳನ್ನೆಲ್ಲಾ ಸುತ್ತಿ ಬರೋಷ್ಟರಲ್ಲಿ ಆ ಬ್ಯಾಚೇ ಪಾಸಾಗಿ ಹೋಗಿರುತ್ತೆ, ಎಮ್ಮೆಸ್ಸಿ ಅಂದ್ರೆ ಇರೋದೇ ನಾಲ್ಕು ಸೆಮ್. ಒಂದೇ ಸೆಮ್‌ನಲ್ಲಿ, ಡಿಪಾರ್ಟ್‌ಮೆಂಟ್ ಮಟ್ಟದಲ್ಲೇ ಮುಗಿಯೋ ಅಂಥ ಒಂದು ವಿಷಯ ಹಿಡೀರಿ. ನಮಗೆ ಸಿಕ್ಕಿದ್ದು ಬಸ್ಸು.

ಎರಡನೇ ಸಲ ಕೂತಾಗ ಒಬ್ಬಳು ಹುಡುಗಿ ಹೇಳಿದ್ಲು, ಲ್ಯಾಬ್ ಮುಗಿಯೋದು ಐದಕ್ಕೆ, ನಮ್ಮೂರ ಬಸ್ಸು ನಾಲ್ಕು ಮುಕ್ಕಾಲಿಗೆ, ಅದು ಬಿಟ್ರೆ ಏಳಕ್ಕೆ, ಅದಕ್ಕೇ ನಾನು ಕೊನೇ ರೀಡಿಂಗ್ ಪಕ್ಕದವಳದ್ದು ನೋಡಿ ಬರ್ಕೊಂಡು ಓಡ್ತೀನಿ ಅಂತ. ನಾವು ಸ್ಟಾಫ್‌ರೂಮಲ್ಲಿ ಕೂತು ಈ ಬ್ಯಾಚಿನೋರು ರೀಡಿಂಗ್ ಕಾಪಿ ಹೊಡೀತಾರೆ, ಸೀರಿಯಸ್‌ನೆಸ್ಸೇ ಇಲ್ಲ ಅಂತ ಬೈಕೊಂಡಿದ್ದೇ ಬೈಕೊಂಡಿದ್ದು! ಲ್ಯಾಬ್ ಬೇಗ ಶುರು ಮಾಡೋಣ ಅಂದೆ ನಾನು, ಊಟದ ಟೈಮ್ ಸಾಲಲ್ಲ ಅಂದ್ರು ಅವರು.

ಅಲ್ಲೇ ಕಿಟಕಿ ಹಾಕ್ತಿದ್ದ ನಮ್ಮ ಲ್ಯಾಬ್ ಅಟೆಂಡರ್, ಎಲ್ರೂ ಅಣ್ಣ ಅಂತೀವಿ, ಅವರು ತಿರುಗಿ ನೋಡಿ "ಟೈಮೆಲ್ಲಾ ಹೋಗೋದು ತಕ್ಕಡಿ ಹತ್ರ ಅಲ್ವಾ ಮೇಡಂ" ಅಂದ್ರು. ಇರೋದು ಒಂದೇ ಡಿಜಿಟಲ್ ಬ್ಯಾಲೆನ್ಸು, ಇಪ್ಪತ್ತೆರಡು ಜನ ಕ್ಯೂ. ಮೊದಲ ಮುಕ್ಕಾಲು ಗಂಟೆ ತೂಕಕ್ಕೇ ಹೋಗ್ತಿತ್ತು. ಇಷ್ಟು ವರ್ಷ ನಮ್ಮ ಕಣ್ಣಿಗೆ ಬೀಳದ್ದು ಅವರಿಗೆ ದಿನಾ ಕಾಣ್ತಿತ್ತು, ನಾವು ಕೇಳಿರ್ಲಿಲ್ಲ ಅಷ್ಟೇ. ಕೊನೆಗೆ ಪಾಳಿ ಮೇಲೆ ಇಬ್ರು ಸ್ಟೂಡೆಂಟ್ಸ್ ಹದಿನೈದು ನಿಮಿಷ ಮುಂಚೆ ಬಂದು ಅಣ್ಣನ ಜೊತೆ ಎಲ್ರಿಗೂ ಕಾಮನ್ ಇರೋ ರೀಏಜೆಂಟ್ಸ್ ತೂಗಿ ಸೊಲ್ಯೂಷನ್ ರೆಡಿ ಮಾಡೋದು ಅಂತಾಯ್ತು. ತಮ್ಮ ಸ್ಯಾಂಪಲ್ ಮಾತ್ರ ಅವರವರೇ ತೂಗ್ಬೇಕು, ಅದನ್ನ ನಾನು ಬಿಟ್ಕೊಡ್ಲಿಲ್ಲ, ತೂಗೋದು ಕಲೀದೆ ಎಮ್ಮೆಸ್ಸಿ ಮಾಡಿ ಏನು ಪ್ರಯೋಜನ. ಲ್ಯಾಬ್ ನಾಲ್ಕೂವರೆಗೆ ಮುಗಿಯೋಕೆ ಶುರುವಾಯ್ತು. ಒಂದು ರೂಪಾಯಿ ಖರ್ಚಿಲ್ಲ, ಒಂದು ಸರ್ಕ್ಯುಲರ್ ಇಲ್ಲ.

ಅದಕ್ಕೇ ಸ್ಟಾಫ್ ಅಂದ್ರೆ ಬರೀ ಪಾಠ ಮಾಡೋರು ಅನ್ಕೋಬೇಡಿ, ಲೈಬ್ರರಿಯೋರು, ಆಫೀಸಲ್ಲಿ ಸ್ಕಾಲರ್‌ಶಿಪ್ ಫೈಲ್ ನೋಡೋರು, ಅಟೆಂಡರ್ ಎಲ್ಲರನ್ನೂ ಕರೀರಿ. ಗೆಸ್ಟ್ ಲೆಕ್ಚರರ್ಸನ್ನೂ ಕರೀರಿ, ಆದ್ರೆ ಮುಂದಿನ ವರ್ಷ ಇರ್ತೀವೋ ಇಲ್ವೋ ಗೊತ್ತಿಲ್ಲದೋರ ತಲೆ ಮೇಲೆ ಇದರ ಪೂರ್ತಿ ಭಾರ ಹೊರಿಸ್ಬೇಡಿ.

ಸ್ವಲ್ಪ ಧೈರ್ಯ ಬಂದ್ಮೇಲೆ ಮಾಡ್ಬಹುದಾದ ಇನ್ನೊಂದಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬ್ರಿನ್ ಮಾರ್ ಅನ್ನೋ ಕಾಲೇಜಲ್ಲಿ 2006ರಿಂದ ನಡೀತಿರೋ ಪದ್ಧತಿ, ಆಲಿಸನ್ ಕುಕ್-ಸೇದರ್ ಅನ್ನೋ ಪ್ರೊಫೆಸರ್ ಕಟ್ಟಿದ್ದು. ಆ ಕೋರ್ಸ್ ತಗೊಂಡಿರದ ಒಬ್ಬ ಸ್ಟೂಡೆಂಟ್ ವಾರಕ್ಕೊಂದು ಸಲ ಕ್ಲಾಸಲ್ಲಿ ಹಿಂದೆ ಕೂತು ನೋಟ್ಸ್ ಮಾಡ್ಕೋತಾರೆ, ಆಮೇಲೆ ಟೀಚರ್ ಜೊತೆ ಕೂತು ಮಾತಾಡ್ತಾರೆ, ಅದಕ್ಕೆ ದುಡ್ಡೂ ಕೊಡ್ತಾರೆ. ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯಲ್ಲೂ ಸ್ಟೂಡೆಂಟ್ ಪಾರ್ಟ್‌ನರ್ಸಿಗೆ ಸಂಬಳ ಇದೆ. ನಾನು ಫಿಸಿಕ್ಸ್ ಡಿಪಾರ್ಟ್‌ಮೆಂಟಿನ ಒಬ್ಬ ಹುಡುಗನ್ನ ಕೇಳ್ಕೊಂಡು ನಾಲ್ಕು ವಾರ ಟ್ರೈ ಮಾಡಿದೆ. ತೀರ್ಪು ಬೇಡ, ಟೈಮ್ ಹಾಕಿ ಕಂಡಿದ್ದು ಮಾತ್ರ ಬರಿ ಅಂದಿದ್ದೆ. ಬರೆದಿದ್ದ: "11.20 – ಬೋರ್ಡ್ ಕಡೆ ತಿರುಗಿ ಮಾತಾಡಿದ್ರು, ಹಿಂದಿನ ಎರಡು ಬೆಂಚಿಗೆ ಕೇಳಿಸ್ಲಿಲ್ಲ. 11.35 – ಅರ್ಥ ಆಯ್ತಾ ಅಂದ್ರು, ಮೂರು ಸೆಕೆಂಡ್ ಕಾದ್ರು, ಮುಂದೆ ಹೋದ್ರು." ಆ ಮೂರು ಸೆಕೆಂಡ್ ಓದಿ ರಾತ್ರಿ ನಿದ್ದೆ ಬರ್ಲಿಲ್ಲ ಬಿಡಿ. ಈಗ ಅರ್ಥ ಆಯ್ತಾ ಅಂತ ಕೇಳೋದೇ ಬಿಟ್ಟಿದ್ದೀನಿ, ಇದನ್ನ ನಿಮ್ಮ ಪಕ್ಕದವರಿಗೆ ಕನ್ನಡದಲ್ಲಿ ಹೇಳಿ ಅಂತ ಎರಡು ನಿಮಿಷ ಕೊಡ್ತೀನಿ. ಆದ್ರೆ ಈ ನೋಟ್ಸ್ ನಿಮ್ಮಿಬ್ಬರ ಮಧ್ಯೆನೇ ಇರ್ಬೇಕು, ಎಚ್.ಒ.ಡಿ. ಟೇಬಲ್ಲಿಗೆ ಹೋಯ್ತೋ, ಮುಂದಿನ ಸಲ ಯಾವ ಲೆಕ್ಚರರೂ ಒಪ್ಪಲ್ಲ.

ದುಡ್ಡು ಕೊಡೋಕೆ ನಮ್ಮಲ್ಲಿ ಬಜೆಟ್ ಹೆಡ್ಡೇ ಇಲ್ಲ ಅಂತಾರೆ, ನಿಜ. ಕಡೇಪಕ್ಷ ಮಾಡಿದ ಕೆಲಸ ಏನು ಅಂತ ಬಿಡಿಸಿ ಬರೆದ ಒಂದು ಲೆಟರ್ ಕೊಡಿ. ಬರೀ "ಸಕ್ರಿಯವಾಗಿ ಭಾಗವಹಿಸಿದ್ದಾರೆ" ಅಂತ ಪ್ರಿಂಟ್ ಹೊಡೆದ ಸರ್ಟಿಫಿಕೇಟ್ ಯಾವ ಇಂಟರ್‌ವ್ಯೂಲೂ ಉಪಯೋಗಕ್ಕೆ ಬರಲ್ಲ.

ಎಲ್ಲಾನೂ ಈ ಟೇಬಲ್ಲಿಗೆ ತರ್ಬೇಡಿ. ಯಾರೋ ಕಿರುಕುಳ ಕೊಡ್ತಿದ್ದಾರೆ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೊಂಡು ಕೊಡ್ತಿಲ್ಲ, ಇಂಥವು ಬಂದ್ರೆ ಟೀ ಕುಡೀತಾ ರಾಜಿ ಮಾಡ್ಸೋ ವಿಷಯ ಅಲ್ಲ. ಲೈಂಗಿಕ ಕಿರುಕುಳ ಆದ್ರೆ ಆಂತರಿಕ ದೂರು ಸಮಿತಿ ಇದೆ. ಮಾರ್ಕ್ಸ್‌ಕಾರ್ಡು, ಫೀಸು, ಸ್ಕಾಲರ್‌ಶಿಪ್ ಥರದ್ದಕ್ಕೆ ಯುಜಿಸಿಯ (ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ) 2023ರ ನಿಯಮದ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರ್ಬೇಕು, ದೂರು ಬಂದ 15 ಕೆಲಸದ ದಿನದೊಳಗೆ ಅದು ವರದಿ ಕೊಡ್ಬೇಕು, ಅದೂ ಸರಿಹೋಗ್ಲಿಲ್ಲ ಅಂದ್ರೆ ಮೇಲೆ ಓಂಬುಡ್ಸ್‌ಪರ್ಸನ್, ಅಂದ್ರೆ ಮೇಲ್ಮನವಿ ಕೇಳೋರು, ಇದ್ದಾರೆ. ಅಲ್ಲಿಗೆ ಅರ್ಜಿ ಬರೆಯೋಕೆ ಸಹಾಯ ಮಾಡಿ, ನೀವೇ ಪಂಚಾಯ್ತಿ ಮಾಡೋಕೆ ಹೋಗ್ಬೇಡಿ.

ಆಗದೇ ಇರೋದನ್ನ ಆಗಲ್ಲ ಅಂತ ಬರೆದು ಹಾಕಿ. ನಮ್ಮ ನೋಟಿಸ್ ಬೋರ್ಡಲ್ಲಿ ಒಂದು ಎ4 ಶೀಟ್ ಇರುತ್ತೆ, ಕೇಳಿದ್ದು ಏನು, ಆಗಿದ್ದು ಏನು, ಆಗದೇ ಇದ್ದಿದ್ದು ಯಾಕೆ. "ಎರಡನೇ ಬ್ಯಾಲೆನ್ಸ್ – ಇಂಡೆಂಟ್ ಹಾಕಿದ್ದೀವಿ, ಗ್ರಾಂಟ್ ಬಂದಿಲ್ಲ" ಅಂತ ಮೂರು ಸೆಮ್‌ನಿಂದ ಅದೇ ಸಾಲು. ಯಾರೋ ಪೆನ್ಸಿಲಲ್ಲಿ ಪಕ್ಕದಲ್ಲಿ ತಕ್ಕಡಿ ಚಿತ್ರ ಬರೆದು "ಶ್ರದ್ಧಾಂಜಲಿ" ಅಂತ ಬರೆದಿದ್ರು, ನಾನು ಅಳಿಸ್ಲಿಲ್ಲ.

ಕೊನೇದು, ಬ್ಯಾಚ್ ಹೋಗುವಾಗ ಎಲ್ಲಾ ಮರೆತು ಹೋಗೋ ಪ್ರಾಬ್ಲಮ್. ಇದಕ್ಕೆ ವಾಟ್ಸಾಪ್ ಗ್ರೂಪ್ ಸಾಲಲ್ಲ, ಫೋನ್ ಬದಲಾದ್ರೆ ಹೋಯ್ತು. ನಮ್ಮದು ಒಂದು ಇನ್ನೂರು ಪೇಜಿನ ಲಾಂಗ್ ನೋಟ್‌ಬುಕ್ಕು, ಲ್ಯಾಬ್ ಬೀರುವಿನಲ್ಲಿ ರೆಕಾರ್ಡುಗಳ ಪಕ್ಕ ಇರುತ್ತೆ, ಚಾವಿ ಅಣ್ಣನ ಹತ್ರ. ಸೀನಿಯರ್ಸ್ ನಾಲ್ಕನೇ ಸೆಮ್ ಪ್ರಾಜೆಕ್ಟ್ ಸಬ್ಮಿಟ್ ಮಾಡೋ ಮುಂಚೆ ಎರಡನೇ ಸೆಮ್‌ನವರ ಜೊತೆ ಒಂದು ಮಧ್ಯಾಹ್ನ ಕೂತು ಅದನ್ನ ಓದಿ ಹೇಳ್ಬೇಕು. ಆವತ್ತು ನಾನು ಹೋಗಲ್ಲ, ಅಣ್ಣ ಇರ್ತಾರೆ.